ಸ್ಟೆಲಿಯಾನಾಗೆ ಏಳು ಅಂಕ ಸಾಕಿತ್ತು

ನಮ್ಮ ಕೊರ್ಬಾರು ಊರಿಗೆ ಕೆಲಸಕ್ಕೆಂದು ಬರುವ ಟೀಚರುಗಳೆಲ್ಲ ಬಸ್ಸಿನಿಂದ ಇಳಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ವಾಪಸ್ ಬಸ್ಸು ಯಾವಾಗ? ಸ್ಟೆಲಿಯಾನಾ ಬುಕುರ್ ಕೂಡ ಅದನ್ನೇ ಕೇಳಿದಳು. "ಕೆಸರು ಬಿಟ್ರೆ ವಾರಕ್ಕೆರಡು ಸಲ ಬರುತ್ತೆ ಕಣಮ್ಮ" ಎಂದೆ. ಅವಳು ನಕ್ಕುಬಿಟ್ಟಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು, ಪಾಪ.

ನಾನು ಅಗ್ಲಾಯ. ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿನ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವಳು. ಪ್ರಪಂಚದ ನದಿಗಳೆಲ್ಲ ನನಗೆ ಬಾಯಿಪಾಠ. ಕಣ್ಣಾರೆ ಕಂಡದ್ದು ನಮ್ಮೂರ ಹಿಂದಿನ ಹಳ್ಳವೊಂದನ್ನೇ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯನ್ನು ಹೊರಗಿನಿಂದ ಬರುವ ಟೀಚರುಗಳಿಗೆ ಬಿಟ್ಟುಕೊಡುತ್ತಿದ್ದೆ. ಕಾಲೇಜು ಮುಗಿಸಿದವರನ್ನು ಸರ್ಕಾರ ಯಾವ ಮೂಲೆಗೆ ಹಾಕುತ್ತದೋ ಆ ಮೂಲೆಗೆ ಹೋಗಬೇಕಾಗಿದ್ದ ಕಾಲ ಅದು. ಮೂರು ವರ್ಷ ಎಂದು ಹೇಳುತ್ತಿದ್ದರು. ಆಮೇಲೆ ಬಿಡುವುದು, ಬಿಡದಿರುವುದು ಹೆಡ್‌ಮಾಸ್ಟರ ಮರ್ಜಿ, ಜಿಲ್ಲಾ ಕಚೇರಿಯ ಮರ್ಜಿ. ಬಿಡುಗಡೆ ಕಾಗದಕ್ಕೆ ರುಜು ಬೀಳದೆ ಸುಮ್ಮನೆ ಹೊರಟುಹೋದಿರೋ, ಮತ್ತೆ ದೇಶದ ಯಾವ ಶಾಲೆಯ ಬಾಗಿಲೂ ತೆರೆಯುವುದಿಲ್ಲ.

ಸ್ಟೆಲಿಯಾನಾಳ ಗಂಡ ಸಂಡು ಪಕ್ಕದ ಜಿಲ್ಲೆಯ ಗಲಾಟ್ಸ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಅವನಿಗೆ ಅಲ್ಲಿಂದ ಬರುವ ಹಾಗಿಲ್ಲ, ಇವಳಿಗೆ ಇಲ್ಲಿಂದ ಹೋಗುವ ಹಾಗಿಲ್ಲ. ಎರಡನೇ ವರ್ಷ ಮಗಳು ಹುಟ್ಟಿದಳು, ಇಲಿಂಕಾ. ಕೂಸು ನನ್ನ ಮನೆಯಲ್ಲೇ ಮೊದಲ ಚಳಿಗಾಲ ಕಳೆಯಿತು, ಕಳೆಯಿತು ಎನ್ನುವುದಕ್ಕಿಂತ ಕೆಮ್ಮಿತು ಎನ್ನಬೇಕು. ಕಡೆಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಡಲಾರದೆ ನೀಲಿಗಟ್ಟಿದಾಗ ಸಂಡುವಿನ ತಾಯಿ ಬಂದು, ಕಂಬಳಿಯಲ್ಲಿ ಸುತ್ತಿಕೊಂಡು ಗಲಾಟ್ಸಿಗೆ ಒಯ್ದರು. ಆಗಿನಿಂದ ಮಗು ಅಲ್ಲೇ. ತಾಯಿ ಮಗಳನ್ನು ನೋಡುವುದು ರಜೆಯಲ್ಲಿ. ಪ್ರತಿ ಸಲ ಹೋಗಿ ಬಂದ ಮೇಲೆ ಎರಡು ದಿನ ಅವಳ ಜೊತೆ ಮಾತಾಡುವ ಹಾಗಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನಾನು ಬಾಗಿಲ ಹೊರಗೆ ಸೂಪಿನ ತಟ್ಟೆ ಇಟ್ಟು, "ತಿನ್ನದೆ ಸತ್ರೆ ನನ್ನ ಮೇಲೆ ಕೇಸು ಬೀಳುತ್ತೆ, ಎದ್ದು ತಿನ್ನು" ಎಂದು ಗದರುತ್ತಿದ್ದೆ.

ವರ್ಗಾವಣೆಗೆ ಎರಡು ಸಲ ಅರ್ಜಿ ಹಾಕಿದಳು. ಮೊದಲ ಸಲ "ಬದಲಿ ಶಿಕ್ಷಕರು ಲಭ್ಯವಿಲ್ಲ" ಎಂದು ಬಂತು. ಎರಡನೆಯ ಸಲ "ಶಾಲೆಯ ಹಿತದೃಷ್ಟಿಯಿಂದ ಪರಿಗಣಿಸಲಾಗಿಲ್ಲ" ಎಂದು ಬಂತು. ಅವಳು ಎರಡನ್ನೂ ಒಲೆಯ ಮುಂದೆ ಓದಿ ಹೇಳಿದಳು: "ನೋಡಕ್ಕಾ, ಬರೆದಿರೋದು ಬೇರೆ ಬೇರೆ. ಸರಳೀಕರಿಸಿದ್ರೆ ಎರಡೂ ಒಂದೇ."

ಸರಳೀಕರಿಸುವುದು ಅವಳ ಕಸುಬು. ಅವಳು ಬರುವ ಮುಂಚೆ ನಮ್ಮ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು ಆಟದ ಮೇಷ್ಟ್ರು. ಲೆಕ್ಕ ತಾಳೆಯಾಗದಿದ್ದರೆ ಹುಡುಗರನ್ನು ಮೈದಾನ ಸುತ್ತಲು ಕಳಿಸುತ್ತಿದ್ದರು. ಇವಳು ಹಾಗಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ನನಗೇ ತ್ರಿಕೋನಮಿತಿ ಕಲಿಸಲು ಹೊರಟಳು.

"ಒಂದು ಅಂದ್ರೆ ಬರೀ ಒಂದಲ್ಲಕ್ಕಾ. ಸೈನ್ ವರ್ಗ ಕೂಡಿಸು ಕಾಸ್ ವರ್ಗ, ಅದೂ ಒಂದೇ. ಕೋನ ಯಾವುದಾದ್ರೂ ಇರ್ಲಿ, ಯಾವತ್ತೂ ಒಂದೇ. ಅದಕ್ಕೇ ನಿತ್ಯಸಮೀಕರಣ ಅನ್ನೋದು. ಲೆಕ್ಕ ಎಲ್ಲಿ ಸಿಕ್ಕಾಕ್ಕೊಳ್ಳುತ್ತೋ ಅಲ್ಲಿ ಒಂದನ್ನ ಬಿಚ್ಚಿ ಹಾಗೆ ಬರಿ. ದಾರಿ ಬಿಡುತ್ತೆ."

"ಬೆಲೆ ಬದಲಾಗಲ್ಲ, ವೇಷ ಬದಲಾಗುತ್ತೆ ಅನ್ನು. ನಮ್ಮ ಹೆಡ್‌ಮಾಸ್ಟರ ತರ" ಎಂದೆ.

ಆಲೂಗಡ್ಡೆ ಕೈಯಿಂದ ಜಾರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರಿಗೆ ಅವಳೆಂದರೆ ಪ್ರಾಣ. ಆ ಮಕ್ಕಳು ಸೆಪ್ಟೆಂಬರಿನಿಂದ ಸಹಕಾರಿ ಹೊಲದಲ್ಲಿ ಮೆಕ್ಕೆಜೋಳದ ತೆನೆ ಮುರಿದು, ಬೆರಳು ಒಡೆದುಕೊಂಡು, ನವೆಂಬರಿಗೆ ಕ್ಲಾಸಿಗೆ ಬರುವವರು. ಅವರಿಗೆ ಇವಳ ಮಗಳ ವಿಷಯ ಗೊತ್ತಿತ್ತು. ಊರಿಗೇ ಗೊತ್ತಿತ್ತು.

ಮೂರನೇ ಅರ್ಜಿ ಹಾಕುವ ಹೊತ್ತಿಗೆ ಗಲಾಟ್ಸಿನ ಒಂದು ಶಾಲೆಯಲ್ಲಿ ಗಣಿತದ ಜಾಗ ಖಾಲಿಯಾಗಿತ್ತು. ಅವರು ತೆಗೆದುಕೊಳ್ಳಲು ಒಪ್ಪಿದರು, ಆದರೆ ನಮ್ಮ ಜಿಲ್ಲೆಯ ಇನ್ಸ್‌ಪೆಕ್ಟರು ಪಾಠ ನೋಡಿ ಅಂಕ ಕೊಟ್ಟು ಬಿಡುಗಡೆ ಕಾಗದಕ್ಕೆ ರುಜು ಹಾಕಬೇಕು. ಹತ್ತಕ್ಕೆ ಏಳಾದರೂ ಬರಬೇಕು. ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಸ್ಟೆಲಿಯಾನಾ ಸಂಡುವಿಗೆ ಫೋನ್ ಮಾಡಿ ಹೇಳಿದಳು. ಅವನು ಅವತ್ತೇ ಮಗಳ ಮಂಚದ ಪಕ್ಕಕ್ಕೆ ಇನ್ನೊಂದು ಮಂಚ ಹಾಕಿದನಂತೆ. ಗಂಡಸರ ಬುದ್ಧಿ, ಕೂಸು ಹುಟ್ಟುವ ಮುಂಚೆ ಕುಲಾವಿ.

ಹೆಡ್‌ಮಾಸ್ಟರು ಪಾಟ್ರಾಷ್ಕು ಕೂಡಲೇ ತಾಲೀಮು ಶುರು ಮಾಡಿಸಿದರು. ಇನ್ಸ್‌ಪೆಕ್ಷನ್ ಪಾಠವೆಂದರೆ ನಮ್ಮ ಕಡೆ ನಾಟಕದ ಹಾಗೆ, ಮೊದಲೇ ಎರಡು ಸಲ ಆಡಿ ನೋಡುವುದು ರೂಢಿ. ಅದರಲ್ಲಿ ಹಳೆಯದೊಂದು ಪದ್ಧತಿ ಇದೆ: ಟೀಚರು ಪ್ರಶ್ನೆ ಕೇಳಿದಾಗ ಇಡೀ ಕ್ಲಾಸು ಕೈಯೆತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರು ಬಲಗೈಯವರನ್ನೇ ಕರೆಯುತ್ತಾರೆ. ಬಂದವರ ಕಣ್ಣಿಗೆ ಕ್ಲಾಸೆಲ್ಲ ಜಾಣರು. ನಾನೂ ಹಾಗೇ ಮಾಡಿಸಿದ್ದೇನೆ, ನನ್ನ ಟೀಚರೂ ಹಾಗೇ ಮಾಡಿಸಿದ್ದರು.

ಸ್ಟೆಲಿಯಾನಾಗೆ ಇಷ್ಟವಿರಲಿಲ್ಲ. "ಇದೆಲ್ಲ ಯಾಕೆ ಸಾರ್? ಗೊತ್ತಿದ್ದವ್ರು ಎತ್ತಲಿ, ಇಲ್ಲದವ್ರು ಕೂತಿರಲಿ" ಎಂದಳು.

"ಅಮ್ಮಾ ತಾಯಿ, ನಿನಗೆ ಗಲಾಟ್ಸ್ ಬೇಕೋ ಬೇಡ್ವೋ?" ಎಂದರು ಪಾಟ್ರಾಷ್ಕು. ಮಾತಿನಲ್ಲಿ ಬೆಣ್ಣೆ. ಅವಳು ಹೋಗಿ ತಾಲೀಮು ಮಾಡಿಸಿದಳು.

ಇನ್ಸ್‌ಪೆಕ್ಟರ್ ಡ್ರಗೊಮಿರ್ ಬಂದರು. ದಪ್ಪ ಕೋಟು, ಕೆಂಪು ಕೆನ್ನೆ, ನೋಡಿದರೆ ಒಳ್ಳೆಯ ಮನುಷ್ಯನ ಹಾಗೇ ಇದ್ದರು. ಹಾಗೇ ಇದ್ದರು ಅನ್ನುವುದೇ ನನ್ನ ಸಿಟ್ಟು. ಕೆಟ್ಟವರಾಗಿದ್ದರೆ ಶಾಪ ಹಾಕಿ ಸುಮ್ಮನಾಗಬಹುದಿತ್ತು. ನಾನು ಗೋಡೆಗೆ ಹಾಕುವ ನಕ್ಷೆ ತರಲು ಸ್ಟಾಫ್ ರೂಮಿನ ಒಳಕೋಣೆಗೆ ಹೋಗಿದ್ದೆ. ಈಚೆ ಹೆಡ್‌ಮಾಸ್ಟರು ಅವರಿಗೆ ಬ್ರಾಂಡಿ ಬಗ್ಗಿಸುತ್ತ ಹೇಳುತ್ತಿದ್ದರು:

"ಅವಳು ಹೋದ್ರೆ ಗಣಿತಕ್ಕೆ ಮತ್ತೆ ಆಟದ ಮೇಷ್ಟ್ರೇ ಗತಿ ಸಾರ್. ಹೇಗಾದ್ರೂ ಮಾಡಿ ಉಳಿಸ್ಕೊಡಿ."

"ಪಾಠ ನೋಡ್ತೀನಲ್ಲ" ಎಂದರು ಡ್ರಗೊಮಿರ್. "ಸುಮಾರಾಗಿದ್ರೆ ಏಳು ಕೊಟ್ಟು ಕಳಿಸಿಬಿಡ್ತೀನಿ, ಗಲಾಟ್ಸಿನವ್ರೇ ಇಟ್ಕೊಳ್ಳಲಿ. ನಿಜವಾಗ್ಲೂ ಚೆನ್ನಾಗಿದ್ರೆ ಪಕ್ಕದ ಜಿಲ್ಲೆಗೆ ದಾನ ಮಾಡೋಕೆ ನನಗೇನು ಹುಚ್ಚೇ?"

ನಕ್ಷೆಯನ್ನು ಅಲ್ಲೇ ಬಿಟ್ಟು ಹಿಂಬಾಗಿಲಿನಿಂದ ಓಡಿದೆ. ಸ್ಟೆಲಿಯಾನಾ ಕಾರಿಡಾರಿನಲ್ಲಿ ಚಾಕ್‌ಪೀಸು ಹಿಡಿದು ನಿಂತಿದ್ದಳು. ಕೈ ಹಿಡಿದು ಮೂಲೆಗೆ ಎಳೆದು ಎಲ್ಲ ಹೇಳಿದೆ.

"ಕೇಳಿಸ್ತಾ? ಏಳು ಸಾಕು ನಿನಗೆ. ಜಾಸ್ತಿ ಬಂತೋ ಕೆಟ್ಟೆ. ಸ್ವಲ್ಪ ತಡವರಿಸು, ಒಂದೆರಡು ಕಡೆ ಮಕ್ಕಳು ತಪ್ಪಲಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಷ್ಟೇ."

ಅವಳು ಕೇಳಿದಳು: "ಚೆನ್ನಾಗಿ ಪಾಠ ಮಾಡಿದ್ರೆ ಇಲ್ಲೇ ಇರಬೇಕು?"

"ಹೂಂ ಕಣೇ."

"ಕೆಟ್ಟದಾಗಿ ಮಾಡಿದ್ರೆ ಅಲ್ಲೂ ತಗೊಳ್ಳಲ್ಲ."

"ಅದಕ್ಕೇ ಹೇಳ್ತಿರೋದು, ನಡುಮಧ್ಯ ಮಾಡು ಅಂತ. ಇಲಿಂಕಾನ ನೆನೆಸ್ಕೊ, ಮಾಡು."

"ಮಾಡ್ತೀನಿ" ಎಂದಳು. ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದಳು. ಗಂಟೆ ಹೊಡೆಯಿತು.

ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರು, ಅವರ ಬಲಕ್ಕೆ ಹೆಡ್‌ಮಾಸ್ಟರು, ಎಡಕ್ಕೆ ಹಿರಿಯ ಟೀಚರೆಂದು ನಾನು. ಒಲೆಯಲ್ಲಿ ಮೆಕ್ಕೆಜೋಳದ ದಿಂಡು ಉರಿಯುತ್ತಿದ್ದರೂ ಮಕ್ಕಳು ಕೋಟು ಬಿಚ್ಚಿರಲಿಲ್ಲ. ಸ್ಟೆಲಿಯಾನಾ ಮೊದಲಿಗೆ ನಾನು ಹೇಳಿದ ಹಾಗೇ ನಡೆದುಕೊಂಡಳು. ಮಾತು ನಿಧಾನ, ದನಿ ಚಪ್ಪೆ. ಸೂತ್ರಗಳನ್ನು ಪುಸ್ತಕ ನೋಡಿ ಬರೆದಳು. ಪುಸ್ತಕ ಮುಟ್ಟಿ ಪಾಠ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇನ್ಸ್‌ಪೆಕ್ಟರು ಆಕಳಿಸಿದರು. ದೇವರೇ, ಹೀಗೇ ಸಾಗಲಿ ಎಂದುಕೊಂಡೆ.

ಆಮೇಲೆ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಳು. ಒಂದರಿಂದ ಕಾಸ್ ಎರಡು ಎಕ್ಸ್ ಕಳೆಯುವುದು, ಬಂದದ್ದನ್ನು ಸೈನ್ ಎರಡು ಎಕ್ಸ್‌ನಿಂದ ಭಾಗಿಸುವುದು. ಇಷ್ಟುದ್ದದ್ದು ಕಡೆಗೆ ಬರೀ ಟ್ಯಾನ್ ಎಕ್ಸ್ ಎಂದು ತೋರಿಸಬೇಕು. "ಯಾರು ಮಾಡ್ತೀರಾ?" ಎಂದಳು.

ಇಡೀ ಕ್ಲಾಸು ಕೈಯೆತ್ತಿತು.

ಡ್ರಗೊಮಿರ್ ನನ್ನ ಕಡೆ ವಾಲಿದರು. "ಏನಮ್ಮಾ, ನಿಮ್ಮೂರಲ್ಲಿ ಎಡಗೈಯವ್ರು ಇಷ್ಟೊಂದು ಜನ?"

"ನೀರಿನ ಗುಣ ಸಾರ್" ಎಂದೆ.

"ನಾನೂ ಹಳ್ಳಿ ಮೇಷ್ಟ್ರೇ ಆಗಿದ್ದವನು ಕಣಮ್ಮ" ಎಂದು ಕಣ್ಣು ಮಿಟುಕಿಸಿ, ದನಿ ಎತ್ತಿದರು: "ಆ ಕಿಟಕಿ ಪಕ್ಕದ ಹುಡುಗಿ ಬರಲಿ. ಹೂಂ, ನೀನೇ. ಎಡಗೈ."

ಪರಾಸ್ಕಿವಾ ಡೊರೊಫ್ತೆಯ್! ಹೆಡ್‌ಮಾಸ್ಟರು ಪಕ್ಕದಲ್ಲೇ "ಹೋಯ್ತು" ಎಂದು ಗೊಣಗಿದರು. ಕ್ಲಾಸಿಗೇ ಹಿಂದುಳಿದವಳು ಅವಳು. ಬೆಳಗ್ಗೆ ಅಮ್ಮನ ಜೊತೆ ಸಹಕಾರಿ ಕೊಟ್ಟಿಗೆಯಲ್ಲಿ ಹಾಲು ಕರೆದು ಹಾಗೇ ಶಾಲೆಗೆ ಬರುತ್ತಿದ್ದಳು, ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದಳು. ಅರ್ಧಕ್ಕೆ ಕಾಲು ಕೂಡಿಸು ಎಂದರೆ ಬೆವರುತ್ತಿದ್ದ ಹುಡುಗಿ. ನನಗೋ ಒಳಗೊಳಗೇ ಖುಷಿ. ಇವಳು ಬೋರ್ಡಿನ ಮುಂದೆ ಕಲ್ಲಾಗಿ ನಿಂತರೆ ಏಳು ಅಂಕ ಗಟ್ಟಿ. ಇದಕ್ಕಿಂತ ಇನ್ನೇನು ಬೇಕು?

ಹುಡುಗಿ ಚಾಕ್‌ಪೀಸು ತೆಗೆದುಕೊಂಡು ಬರೆಯಲು ಶುರು ಮಾಡಿದಳು. ಛೇದದಲ್ಲಿ ಸೈನ್ ಎರಡು ಎಕ್ಸ್ ಇದ್ದಲ್ಲಿ ಎರಡು ಸೈನ್ ಎಕ್ಸ್ ಕಾಸ್ ಎಕ್ಸ್ ಎಂದು ಬರೆದಳು. ಹೆಡ್‌ಮಾಸ್ಟರು ನೆಟ್ಟಗೆ ಕೂತರು. ಮೇಲೆ ಕಾಸ್ ಎರಡು ಎಕ್ಸ್ ಬದಲು ಕಾಸ್ ವರ್ಗದಿಂದ ಸೈನ್ ವರ್ಗ ಕಳೆದು ಬರೆದು, ಸುತ್ತ ಆವರಣ ಹಾಕಿದಳು, ಅಳಿಸಿದಳು, ಮತ್ತೆ ಹಾಕಿದಳು. ಆವರಣ ಬಿಡಿಸಿದಾಗ ಚಿಹ್ನೆ ಕೂಡ ಸರಿಯಾಗಿ ತಿರುಗಿಸಿದಳು. ಇದೆಲ್ಲ ಇವಳು ಯಾವಾಗ ಕಲಿತಳು ಎಂದು ನನಗೆ ದಿಗಿಲು.

ಅಲ್ಲಿಗೆ ನಿಂತಳು. ಒಂದು, ಕಳೆ ಕಾಸ್ ವರ್ಗ, ಕೂಡು ಸೈನ್ ವರ್ಗ. ಮುಂದೆ ಏನು ಮಾಡುವುದೆಂದು ಗೊತ್ತಿಲ್ಲ. ಬೋರ್ಡು ನೋಡಿದಳು, ಚಾಕ್‌ಪೀಸು ನೋಡಿದಳು. ಕತ್ತಿನ ಹಿಂಭಾಗ ಕೆಂಪಗಾಯಿತು. ಯಾರೋ ಕಿಸಕ್ಕೆಂದರು. ಕೈ ಮೆಲ್ಲಗೆ ಕೆಳಗಿಳಿಯಿತು.

ಸ್ಟೆಲಿಯಾನಾ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಳು. ಸುಮ್ಮನಿರು ಕಣೇ ಎಂದು ನಾನು ಒಳಗೇ ಕೂಗುತ್ತಿದ್ದೆ. ನೀನೇನೂ ಮಾಡಬೇಡ, ಬರೀ ಸುಮ್ಮನಿರು.

"ಪರವಾಗಿಲ್ಲ ಬಿಡಿ" ಎಂದರು ಡ್ರಗೊಮಿರ್, ಪೆನ್ನು ತೆರೆಯುತ್ತ. "ಇಷ್ಟು ದೂರ ಬಂದಳಲ್ಲ, ಸಾಕು. ಕೂತ್ಕೊ ಮಗು."

ಪರಾಸ್ಕಿವಾ ಕೂರಲು ಹೋಗಲಿಲ್ಲ. ತಿರುಗಿ ಟೀಚರ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಸ್ಟೆಲಿಯಾನಾ ತಲೆ ತಗ್ಗಿಸಿದಳು, ತುಟಿ ಕಚ್ಚಿದಳು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದೆ. ಆಮೇಲೆ ಅವಳ ದನಿ ಕೇಳಿಸಿತು. ಚಪ್ಪೆ ದನಿಯಲ್ಲ, ಅವಳದೇ ದನಿ.

"ಪರಾಸ್ಕಿವಾ, ಅಲ್ಲಿ ಒಂದು ಇದೆಯಲ್ಲ. ಅದನ್ನ ಬೇರೆ ಹೇಗೆ ಬರೀಬಹುದು?"

ಹುಡುಗಿ ಬೋರ್ಡಿಗೆ ತಿರುಗಿದಳು. ಒಂದನ್ನು ಅಳಿಸಿ ಅಲ್ಲಿ ಸೈನ್ ವರ್ಗ ಕೂಡು ಕಾಸ್ ವರ್ಗ ಎಂದು ಬರೆದಳು. ಬರೆದ ಕೂಡಲೇ "ಅಯ್ಯೋ!" ಎಂದು ಜೋರಾಗಿ ಅಂದುಬಿಟ್ಟಳು. ಕಾಸ್ ವರ್ಗಗಳೆರಡನ್ನೂ ಟಪಟಪನೆ ಹೊಡೆದುಹಾಕಿದಳು. ಮೇಲೆ ಎರಡು ಸೈನ್ ವರ್ಗ ಉಳಿಯಿತು. ಕೆಳಗಿನದರ ಜೊತೆ ಎರಡು ಹೋಯಿತು, ಒಂದು ಸೈನ್ ಹೋಯಿತು. ಸೈನ್ ಭಾಗಿಸು ಕಾಸ್. "ಟ್ಯಾನ್ ಎಕ್ಸ್!" ಎಂದು ಕೂಗಿ ಚಾಕ್‌ಪೀಸು ಮುರಿಯುವ ಹಾಗೆ ಅಡಿಗೆರೆ ಎಳೆದಳು. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಇನ್ಸ್‌ಪೆಕ್ಟರೂ ತಟ್ಟಿದರು. ನಾನೊಬ್ಬಳು ತಟ್ಟಲಿಲ್ಲ.

ಅಲ್ಲಿಂದಾಚೆ ಸ್ಟೆಲಿಯಾನಾ ಪುಸ್ತಕ ಮುಟ್ಟಲಿಲ್ಲ. ಕಟ್ಟೆ ಒಡೆದ ಹಾಗೆ ಪಾಠ ಮಾಡಿದಳು. ಎಡಗೈಯವರನ್ನು ಒಬ್ಬೊಬ್ಬರನ್ನೇ ಕರೆದಳು, ಎಲ್ಲರೂ ಎದ್ದು ಬಂದರು.

ಸ್ಟಾಫ್ ರೂಮಿನಲ್ಲಿ ಮೇಜಿನ ಮೇಲೆ ಹುರಿದ ಕೋಳಿ, ಎಲೆಕೋಸಿನ ಸುರುಳಿ, ವೈನ್. ಡ್ರಗೊಮಿರ್ ಗ್ಲಾಸು ಎತ್ತಿದರು. "ಹತ್ತಕ್ಕೆ ಹತ್ತು! ಇಷ್ಟು ವರ್ಷದಲ್ಲಿ ನಾನು ಯಾರಿಗೂ ಕೊಟ್ಟಿರಲಿಲ್ಲ. ಇಂಥ ಟೀಚರು ಈ ಜಿಲ್ಲೆಯ ಆಸ್ತಿ ಕಣ್ರೀ ಪಾಟ್ರಾಷ್ಕು. ಆಸ್ತೀನ ಯಾರಾದ್ರೂ ಬಿಟ್ಟುಕೊಡ್ತಾರಾ?"

ಸ್ಟೆಲಿಯಾನಾ ಎದ್ದು ನಿಂತಳು. "ಸಾರ್, ನನಗೆ ನಾಲ್ಕು ವರ್ಷದ ಮಗಳಿದ್ದಾಳೆ. ನನ್ನ ಹತ್ರ ಇಲ್ಲ."

ಡ್ರಗೊಮಿರ್ ಮುಖ ನಿಜವಾಗಿಯೂ ಸಣ್ಣದಾಯಿತು. "ಗೊತ್ತಮ್ಮ. ನನಗೂ ಮಕ್ಕಳಿದ್ದಾರೆ. ಇಲ್ಲಿಗೇ ಕರ್ಕೊಂಡ್ಬನ್ನಿ, ಮನೆ ಕೊಡಿಸೋಣ."

"ಇಲ್ಲಿ ಡಾಕ್ಟ್ರಿಲ್ಲ ಸಾರ್. ಒಂದ್ಸಲ ಇಲ್ಲೇ ಸಾಯ್ತಿದ್ಲು."

"ಮುಂದಿನ ವರ್ಷ ನೋಡೋಣ" ಎಂದರು ಅವರು. ಹೆಡ್‌ಮಾಸ್ಟರು ಕೋಳಿಯ ತೊಡೆಯನ್ನು ಅವರ ತಟ್ಟೆಗೆ ಹಾಕಿದರು.

ಹೊರಗೆ ಕಾರಿಡಾರಿನಲ್ಲಿ ಹತ್ತನೇ ಕ್ಲಾಸು ಪೂರ್ತಿ ಕಾಯುತ್ತಿತ್ತು. ಮುಂದೆ ಪರಾಸ್ಕಿವಾ, ಕೈಯಲ್ಲೊಂದು ಬಟ್ಟೆಯ ಗಂಟು. "ಟೀಚರ್, ಎಷ್ಟು ಬಂತು?"

"ಹತ್ತು" ಎಂದಳು ಸ್ಟೆಲಿಯಾನಾ.

ಹೋ ಎಂದು ಕಿರುಚಿದರು ಎಲ್ಲರೂ. "ನಾವು ದಿನಾ ಸಾಯಂಕಾಲ ಕೊಟ್ಟಿಗೆಯಲ್ಲಿ ಸೇರ್ಕೊಂಡು ಕಲಿತ್ವಿ ಟೀಚರ್" ಎಂದಳು ಪರಾಸ್ಕಿವಾ, ಒಂದೇ ಉಸಿರಿಗೆ. "ಎಡಗೈಯವ್ರೆಲ್ಲ. ನಮ್ಮಿಂದ ನಿಮ್ಮ ಬಿಡುಗಡೆ ಕೆಡಬಾರ್ದು ಅಂತ. ಹೆಡ್‌ಮಾಸ್ಟ್ರಿಗೆ ಹೇಳ್ಲಿಲ್ಲ. ಇದು ಇಲಿಂಕಾಗೆ." ಗಂಟು ಬಿಚ್ಚಿದಳು. ಕೆಂಪು ಉಣ್ಣೆಯ ಸ್ವೆಟರು, ಟೋಪಿ. ಹುಡುಗಿಯರೆಲ್ಲ ಸೇರಿ ಹೆಣೆದದ್ದು. "ಪೋಸ್ಟ್ ಮಾಡ್ಬೇಡಿ ಟೀಚರ್, ನೀವೇ ಕೈಯಾರೆ ಹಾಕಿ."

ಸ್ಟೆಲಿಯಾನಾ ಸ್ವೆಟರನ್ನು ತೆಗೆದುಕೊಂಡು ಎದೆಗೆ ಹಿಡಿದಳು. ತುಂಬಾ ಚೆನ್ನಾಗಿದೆ ಎಂದಳು. ಮಕ್ಕಳು ಅದನ್ನು ಸಂತೋಷ ಎಂದುಕೊಂಡರು.

ಮನೆಗೆ ಬಂದ ಮೇಲೆ ನಾನು ತಡೆದುಕೊಳ್ಳಲಿಲ್ಲ. "ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಏನಾಗಿತ್ತೇ ನಿನಗೆ? ಅರ್ಧ ನಿಮಿಷ! ಅರ್ಧ ನಿಮಿಷ ಸುಮ್ಮನಿದ್ದಿದ್ರೆ ಹೋಗಿಬಿಡ್ತಿದ್ದೆ!"

"ಅವಳು ನನ್ನ ಕಡೆ ನೋಡಿದ್ಲು ಅಕ್ಕಾ."

"ಅಲ್ಲೊಬ್ಬಳು ನೋಡ್ತಾ ಇದ್ದಾಳಲ್ಲ, ಅವಳು?"

ಅಂದದ್ದೇ ನಾಲಗೆ ಕಚ್ಚಿಕೊಂಡೆ. ಅವಳು ಕೂಗಾಡಲಿಲ್ಲ. ಒಲೆಯ ಮುಂದೆ ಕುಕ್ಕರಿಸಿ, ಸ್ವೆಟರಿನಲ್ಲಿ ಮುಖವಿಟ್ಟು ಅತ್ತಳು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಹೊರಗೆ ಮಳೆ ಹಿಡಿದಿತ್ತು. ಎರಡು ಬಾಗಿಲಿನ ಮನೆಯಲ್ಲಿ ಇಬ್ಬರು ಹೆಂಗಸರು ಜೈಲಿನಲ್ಲಿ ಕೂತ ಹಾಗೆ ಕೂತಿದ್ದೆವು.

ಆ ವಾರ ಚಳಿ ಜೋರಾಯಿತು. ಕ್ರಿಸ್‌ಮಸ್ ರಜೆಯವರೆಗೆ ಕಾದರೆ ಮಗುವಿಗೆ ಅಷ್ಟು ದಿನ ಸ್ವೆಟರು ತಪ್ಪುತ್ತದೆ ಎಂದು ಸ್ಟೆಲಿಯಾನಾ ಅದನ್ನು ಬಟ್ಟೆಯಲ್ಲಿ ಹೊಲಿದು ಪಾರ್ಸೆಲ್ ಮಾಡಿದಳು. ಪೋಸ್ಟ್ ಆಫೀಸಿಗೆ ನಾನೂ ಜೊತೆಗೆ ಹೋದೆ. ಬಾಗಿಲ ಹತ್ತಿರ ಪರಾಸ್ಕಿವಾ ಹಾಲಿನ ಕ್ಯಾನು ಹಿಡಿದು ಎದುರಾದಳು. ಪಾರ್ಸೆಲ್ಲಿನ ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟು ಕೆಂಪು ಉಣ್ಣೆ ಇಣುಕುತ್ತಿತ್ತು. ಹುಡುಗಿ ಅದನ್ನು ನೋಡಿದಳು, ಟೀಚರನ್ನು ನೋಡಿದಳು. ದಡ್ಡಿ ಎನ್ನುತ್ತಿದ್ದೆವು ಅವಳನ್ನು. ಯಾರೂ ಏನೂ ಹೇಳುವ ಮುಂಚೆ, ಟೀಚರನ್ನು ಬಿಟ್ಟಿಲ್ಲ ಎನ್ನುವುದೂ ಯಾಕೆ ಬಿಟ್ಟಿಲ್ಲ ಎನ್ನುವುದೂ ಅವಳಿಗೆ ಗೊತ್ತಾಗಿಬಿಟ್ಟಿತು.

"ಟೀಚರ್" ಎಂದಳು. "ನಾನು ತಪ್ಪು ಬರೀಬೇಕಿತ್ತಾ?"

"ಇಲ್ಲ" ಎಂದಳು ಸ್ಟೆಲಿಯಾನಾ. "ಇಲ್ಲ ಕಣೇ. ಯಾವತ್ತೂ ಇಲ್ಲ."

ಹುಡುಗಿ ಕ್ಯಾನನ್ನು ಕೆಸರಲ್ಲೇ ಇಟ್ಟು, ದಾರಿಯ ಮಧ್ಯೆ ನಿಂತು ಗಟ್ಟಿಯಾಗಿ ಅಳತೊಡಗಿದಳು. ಸ್ಟೆಲಿಯಾನಾ ಪಾರ್ಸೆಲ್ಲನ್ನು ನನ್ನ ಕೈಗೆ ತುರುಕಿ ಅವಳನ್ನು ತಬ್ಬಿಕೊಂಡಳು, ತಲೆ ಸವರಿದಳು, ಮೂಗು ಒರೆಸಿದಳು. ಪೋಸ್ಟಿನ ಕಿಟಕಿ ಮುಚ್ಚುವ ಹೊತ್ತಾಗಿತ್ತು. ನಾನೊಬ್ಬಳೇ ಒಳಗೆ ಹೋಗಿ, ಇಲಿಂಕಾಳ ವಿಳಾಸ ಬರೆದು, ಪಾರ್ಸೆಲ್ ಕೊಟ್ಟು ಬಂದೆ.